ಸೊಂಟಕ್ಕೆ ಪಟ್ಟಿ, ಉಸಿರಿಗೆ ಜಾಗ



ಮದುವೆ ಮನೆಯಲ್ಲಿ ಮದುಮಗಳಿಗೆ ಸೀರೆ ಉಡಿಸಲು ಬರುವವರ ಚೀಲ ನೋಡಿದ್ದೀರಲ್ಲ? ಪಿನ್ನು, ಬಾಚಣಿಗೆ, ಸವರ, ಜಡೆಬಿಲ್ಲೆ ಎಲ್ಲ ಇರುತ್ತದೆ. ಈಚೆಗೆ ಕೆಲವರ ಚೀಲದಲ್ಲಿ ಇನ್ನೊಂದು ಸಾಮಾನು ಸೇರಿಕೊಂಡಿದೆ. ಕಪ್ಪು ಅಥವಾ ಮೈಬಣ್ಣದ, ಒಂದು ಗೇಣಿಗಿಂತ ತುಸು ಹೆಚ್ಚು ಅಗಲದ, ಎಳೆದರೆ ಹಿಗ್ಗುವ ಪಟ್ಟಿ. ಮುಂದುಗಡೆ ಎರಡೋ ಮೂರೋ ಸಾಲು ಹುಕ್ಕು, ಒಳಗೆ ಮೇಲಿಂದ ಕೆಳಕ್ಕೆ ಹೊಲಿದು ಕೂರಿಸಿದ ಕಡ್ಡಿಗಳು. ಅಂಗಡಿಯವರೂ ಹುಡುಗಿಯರೂ ಅದನ್ನು ವೇಸ್ಟ್ ಟ್ರೈನರ್ ಎನ್ನುತ್ತಾರೆ. ಕೆಲವು ನೂರು ರೂಪಾಯಿಯಿಂದ ಹಿಡಿದು ಸಾವಿರಾರು ರೂಪಾಯಿಯವರೆಗೆ ಸಿಗುತ್ತದೆ.

ನಾನು ಫಿಸಿಯೋಥೆರಪಿಸ್ಟ್. ಬೆನ್ನುನೋವು, ಸೊಂಟನೋವು, ಮಂಡಿನೋವು ನನ್ನ ದಿನದ ಕೆಲಸ. ಈ ಪಟ್ಟಿಯ ಬಗ್ಗೆ ಕೇಳಿಕೊಂಡು ಬರುವವರಲ್ಲಿ ಮದುವೆ ಗೊತ್ತಾದ ಹುಡುಗಿಯರಿದ್ದಾರೆ, ಹೆರಿಗೆಯಾಗಿ ಮೂರು ತಿಂಗಳಾದ ತಾಯಂದಿರಿದ್ದಾರೆ, ಶೇರ್ವಾನಿಯ ಗುಂಡಿ ಹಾಕಲಾಗದೆ ತಲೆ ಕೆಡಿಸಿಕೊಂಡ ಗಂಡಸರೂ ಇದ್ದಾರೆ. ಬೇಡವೇ ಬೇಡ ಎಂದು ಹೇಳಿ ಕಳಿಸಿಬಿಡುವುದು ನನಗೆ ಸುಲಭ. ಆದರೆ ಹಾಗೆಂದರೆ ಯಾರೂ ಕೇಳುವುದಿಲ್ಲ. ತರಿಸುತ್ತಾರೆ, ಅಳತೆ ನೋಡದೆ ತರಿಸುತ್ತಾರೆ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದು ಹುಕ್ಕು ಹಾಕುತ್ತಾರೆ. ಅದಕ್ಕಿಂತ ಕೊಳ್ಳುವುದಾದರೆ ಏನು ನೋಡಬೇಕು, ಹಾಕುವುದಾದರೆ ಎಷ್ಟು ಹೊತ್ತು, ಯಾರು ಮುಟ್ಟಲೇಬಾರದು ಎಂಬುದನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಮೊದಲು ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ನೋಡೋಣ. ಪಟ್ಟಿ ಬಿಗಿದ ಗಳಿಗೆಯಲ್ಲೇ ಸೊಂಟ ಒಂದೆರಡು ಇಂಚು ಸಣ್ಣದಾಗಿ ಕಾಣುವುದು ನಿಜ. ಚರ್ಮದಡಿಯ ಮೆತ್ತನೆಯ ಕೊಬ್ಬು ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ, ಹೊಟ್ಟೆ ಒಳಕ್ಕೆ ಹೋಗುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬಿಚ್ಚಿದ ಮೇಲೆ ಎಲ್ಲವೂ ತನ್ನ ಜಾಗಕ್ಕೆ ಬರುತ್ತದೆ. ಬೆವರು ಸುರಿಸುವ ಬೆಲ್ಟುಗಳದ್ದೂ ಇದೇ ಕಥೆ. ಸಂಜೆ ತೂಕ ನೋಡಿದರೆ ಅರ್ಧ ಕಿಲೋ ಕಡಿಮೆ ಇರುತ್ತದೆ, ಎರಡು ಲೋಟ ನೀರು ಕುಡಿದರೆ ಅದು ವಾಪಸ್ಸು. ಕೊಬ್ಬು ಬೆವರಾಗಿ ಹೊರಗೆ ಹರಿಯುವುದಿಲ್ಲ. ಕೆಲವರು ನಾಲ್ಕು ವಾರ ಹಾಕಿ ನಿಜವಾಗಿಯೂ ಸಣ್ಣಗಾದೆವು ಎನ್ನುತ್ತಾರೆ. ವಿಚಾರಿಸಿದರೆ ಗೊತ್ತಾಗುತ್ತದೆ, ಹೊಟ್ಟೆ ಅಮುಕಿದ್ದರಿಂದ ಊಟ ಸೇರದೆ ಮುದ್ದೆ ಒಂದರಿಂದ ಅರ್ಧಕ್ಕೆ ಇಳಿದಿರುತ್ತದೆ. ಸಣ್ಣಗಾದದ್ದು ಊಟ ಇಳಿದದ್ದರಿಂದ.

ಇನ್ನು ನಾವು ನಿಜವಾಗಿ ಚಿಂತಿಸಬೇಕಾದ ಕೊಬ್ಬು ಕೈಗೆ ಸಿಗುವ ಮಡಿಕೆಯಲ್ಲಿಲ್ಲ. ಅದು ಹೊಟ್ಟೆಯ ಒಳಗೆ ಕರುಳು, ಯಕೃತ್ತುಗಳ ಸುತ್ತ ಕೂತಿರುತ್ತದೆ. ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ಹತ್ತಿರದ ನಂಟು ಅದಕ್ಕೇ. ಭಾರತೀಯರಿಗೆ ವೈದ್ಯರು ಇಟ್ಟಿರುವ ಗಡಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಸೊಂಟದ ಸುತ್ತಳತೆ. ಪಟ್ಟಿ ಕಟ್ಟಿಕೊಂಡು ಅಳೆದ 80 ಲೆಕ್ಕಕ್ಕಿಲ್ಲ, ಅದು ಟೇಪಿಗೆ ಮಾಡುವ ಮೋಸ ಅಷ್ಟೆ.

ಈ ಆಸೆ ಹೊಸದೇನಲ್ಲ. ನಮ್ಮ ಕವಿಗಳಿಗೆ ಬಡನಡುವಿನ ಹೆಣ್ಣೇ ಬೇಕು, ಬೇಲೂರಿನ ಮದನಿಕೆಯರನ್ನು ಕಡೆದವರಿಗೂ ಹಾಗೆಯೇ. ಆದರೆ ಕಲ್ಲಿನ ಮದನಿಕೆ ಉಸಿರಾಡಬೇಕಿಲ್ಲ, ಹೋಳಿಗೆ ಊಟವನ್ನೂ ಅರಗಿಸಬೇಕಿಲ್ಲ. ಮೈಯನ್ನೇ ಆ ಆಕಾರಕ್ಕೆ ಬಿಗಿಯುವ ಹಟವನ್ನು ದೊಡ್ಡ ಮಟ್ಟದಲ್ಲಿ ನಡೆಸಿದ್ದು ಯೂರೋಪಿನವರು. ಅಲ್ಲಿನ ಕಾರ್ಸೆಟ್ಟಿಗೆ ತಿಮಿಂಗಿಲದ ಬಾಯಿಯಿಂದ ತೆಗೆದ ಪಟ್ಟಿಗಳನ್ನು, ಆಮೇಲೆ ಉಕ್ಕಿನ ಪಟ್ಟಿಗಳನ್ನು ಸೇರಿಸುತ್ತಿದ್ದರು. ಹಿಂದುಗಡೆ ದಾರ ಎಳೆದು ಬಿಗಿಯುತ್ತಿದ್ದರು. 19ನೇ ಶತಮಾನದ ಮೊದಲ ಭಾಗದಲ್ಲಿ ದಾರ ಪೋಣಿಸುವ ತೂತುಗಳಿಗೆ ಲೋಹದ ಬಳೆ ಬಂತು. ಅಲ್ಲಿಯವರೆಗೆ ಜೋರಾಗಿ ಎಳೆದರೆ ಬಟ್ಟೆ ಹರಿಯುತ್ತಿತ್ತು, ಲೋಹ ಬಂದ ಮೇಲೆ ಎಳೆಯುವುದಕ್ಕೆ ಮಿತಿಯೇ ಇಲ್ಲದಾಯಿತು. 1939ರ ‘ಗಾನ್ ವಿತ್ ದ ವಿಂಡ್’ ಚಿತ್ರ ನೋಡಿದವರಿಗೆ ಮಂಚದ ಕಂಬ ಹಿಡಿದು ನಿಂತ ನಾಯಕಿ, ಹಿಂದಿನಿಂದ ದಾರ ಜಗ್ಗುವ ಕೆಲಸದಾಕೆ ನೆನಪಿರಬಹುದು. ಈಗಿನ ವೇಸ್ಟ್ ಟ್ರೈನರ್‌ಗೆ ಇನ್ನೊಂದು ತವರು ಲ್ಯಾಟಿನ್ ಅಮೆರಿಕ. ಕೊಲಂಬಿಯಾ ದೇಶದಲ್ಲಿ ಫಾಹಾ ಎಂಬ ಲ್ಯಾಟೆಕ್ಸ್ ಪಟ್ಟಿಯನ್ನು ಹೆಂಗಸರು ಬಹಳ ಕಾಲದಿಂದ ಕಟ್ಟುತ್ತಾರೆ. 2014ರ ಸುಮಾರಿಗೆ ಅಮೆರಿಕದ ಕಿಮ್ ಕಾರ್ಡೇಶಿಯನ್ ಅಂಥ ಪಟ್ಟಿ ಕಟ್ಟಿಕೊಂಡ ಚಿತ್ರಗಳನ್ನು ಹಾಕಿದ ಮೇಲೆ ಅದು ಲೋಕವೆಲ್ಲ ಸುತ್ತಿ ನಮ್ಮ ಪೇಟೆಗೂ ಬಂತು.

ಆದರೆ ಸೊಂಟ ಬಿಗಿದರೆ ಏನಾಗುತ್ತದೆ ಎಂದು ತಿಳಿಯಲು ನಾವು ಕೊಲಂಬಿಯಾಗೆ ಹೋಗಬೇಕಿಲ್ಲ. ಸೀರೆ ಉಡುವ ಹೆಂಗಸರು ಸೊಂಟದ ಸುತ್ತ ಒಮ್ಮೆ ನೋಡಿಕೊಂಡರೆ ಸಾಕು. ಒಳಲಂಗದ ಲಾಡಿ ಕಟ್ಟುವ ಜಾಗದಲ್ಲಿ ಕಪ್ಪು ಗೆರೆ ಇರುತ್ತದೆ. ಬೇಸಿಗೆಯಲ್ಲಿ ಅಲ್ಲೇ ಬೆವರುಸಾಲೆ, ಅಲ್ಲೇ ತುರಿಕೆ, ಮಳೆಗಾಲದಲ್ಲಿ ಅಲ್ಲೇ ಹುಳಕಡ್ಡಿ. ಇದು ಸಣ್ಣ ವಿಷಯವೆಂದು ಬಿಡಬೇಡಿ. ಮುಂಬಯಿಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲೇ ಧೋತಿ ಬಿಗಿದು ಕಟ್ಟುವ ಜಾಗದಲ್ಲಿ ಬರುವ ಚರ್ಮದ ಕ್ಯಾನ್ಸರ್ ಬಗ್ಗೆ ಬರೆದಿದ್ದರು. ಸೀರೆ ಉಡುವವರಲ್ಲಿ ಲಾಡಿಯ ಜಾಗದಲ್ಲೇ ಕಾಣಿಸಿಕೊಂಡ ಇಂಥ ಕ್ಯಾನ್ಸರಿನ ವರದಿಗಳು ಆಮೇಲೆ ಬಂದವು. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ವೈದ್ಯರು ಎರಡು ಪ್ರಕರಣಗಳನ್ನು ಪ್ರಕಟಿಸಿದರು. ಇಬ್ಬರೂ ವಯಸ್ಸಾದ ಹೆಂಗಸರು, ಇಬ್ಬರಿಗೂ ಸೊಂಟದಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣು. ಇದು ಅಪರೂಪದ ಕಾಯಿಲೆ, ಸೀರೆ ಉಡುವವರೆಲ್ಲ ಹೆದರಬೇಕಾಗಿಲ್ಲ. ಹತ್ತಾರು ವರ್ಷ ಒಂದೇ ಜಾಗದಲ್ಲಿ ಒತ್ತಡ, ಉಜ್ಜಾಟ, ಬೆವರು ಸೇರಿದರೆ ಚರ್ಮ ಏನಾಗಬಹುದು ಎಂಬುದಕ್ಕೆ ಇದೊಂದು ಪುರಾವೆ. ಆ ವೈದ್ಯರು ಹೇಳಿದ ಪರಿಹಾರವೂ ಸರಳ. ಲಾಡಿ ಸಡಿಲವಾಗಿ ಕಟ್ಟಿ, ಕೆರೆತ ಕಾಣಿಸಿದರೆ ವಾಸಿಯಾಗುವವರೆಗೆ ಇನ್ನೂ ಸಡಿಲ ಮಾಡಿ.

ಬಾಣಂತನದ ಕಟ್ಟಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಬಹಳ ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಹಳೆಯ ಹತ್ತಿ ಸೀರೆಯನ್ನು ಬಾಣಂತಿಯ ಹೊಟ್ಟೆಗೆ ಸುತ್ತಿ ಮಲಗಿಸುವುದು ನಮ್ಮ ಅಜ್ಜಿಯರ ಪದ್ಧತಿ. ಅದರಲ್ಲಿ ಒಂದು ಜಾಣತನವಿದೆ. ಬಟ್ಟೆ ಹತ್ತಿಯದು, ಹಳೆಯದು, ಮೆತ್ತಗಿನದು, ಗಾಳಿಯಾಡುವಂಥದ್ದು. ಬಿಗಿಯಾಯಿತು ಎಂದರೆ ಬಾಣಂತಿಯೇ ಕೈ ಹಾಕಿ ಸಡಿಲಿಸಿಕೊಳ್ಳಬಹುದು. ಸೋತ ಹೊಟ್ಟೆಗೆ, ಬೆನ್ನಿಗೆ ಒಂದು ಆಸರೆ ಸಿಗುತ್ತದೆ. ಸಿಸೇರಿಯನ್ ಆದವರಿಗೆ ಆಸ್ಪತ್ರೆಯಲ್ಲಿ ಕೊಡುವ ಅಗಲವಾದ ಹೊಟ್ಟೆಪಟ್ಟಿಯೂ ಅಷ್ಟೆ, ಎದ್ದು ಓಡಾಡುವಾಗ, ಕೆಮ್ಮುವಾಗ ಹೊಲಿಗೆಯ ಜಾಗಕ್ಕೆ ಧೈರ್ಯ ಕೊಡುತ್ತದೆ. ಇಷ್ಟೇ ಅದರ ಕೆಲಸ. ಗರ್ಭಕೋಶ ತನ್ನ ಪಾಡಿಗೆ ಸುಮಾರು ಆರು ವಾರಗಳಲ್ಲಿ ಮೊದಲಿನ ಗಾತ್ರಕ್ಕೆ ಬರುತ್ತದೆ, ಕಟ್ಟಿದರೂ ಬರುತ್ತದೆ, ಕಟ್ಟದಿದ್ದರೂ ಬರುತ್ತದೆ. ಬಸಿರಿನಲ್ಲಿ ಹೊಟ್ಟೆಯ ಎರಡು ಉದ್ದನೆಯ ಸ್ನಾಯುಗಳ ನಡುವೆ ಬಿಟ್ಟುಕೊಂಡ ಸಂದು ಕೂಡಲು ಬಟ್ಟೆಗಿಂತ ಉಸಿರಿನ ಮತ್ತು ಹೊಟ್ಟೆಯ ಹದವಾದ ವ್ಯಾಯಾಮ ಬೇಕು. ಬಾಣಂತಿಯ ಹೊಟ್ಟೆಗೆ ಕಡ್ಡಿಯಿರುವ ಲ್ಯಾಟೆಕ್ಸ್ ಪಟ್ಟಿ ಬಿಗಿಯುವುದನ್ನಂತೂ ನಾನು ಒಪ್ಪುವುದಿಲ್ಲ. ಹೆರಿಗೆಯಲ್ಲಿ ಕೆಳಹೊಟ್ಟೆಯ ತಳದ ಸ್ನಾಯುಗಳು ಮೊದಲೇ ಸೋತಿರುತ್ತವೆ. ಮೇಲಿನಿಂದ ಒತ್ತಿದ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ.

ಈ ಒತ್ತಡದ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲ ತೊಂದರೆಯ ಬೇರು ಇಲ್ಲೇ ಇದೆ. ನೀರು ತುಂಬಿದ ಬಲೂನಿನ ನಡು ಹಿಸುಕಿ ನೋಡಿ. ನೀರು ಎಲ್ಲಿಗೂ ಹೋಗುವುದಿಲ್ಲ, ಮೇಲೆ ಉಬ್ಬುತ್ತದೆ, ಕೆಳಗೆ ಉಬ್ಬುತ್ತದೆ. ಹೊಟ್ಟೆಯೂ ಹಾಗೆಯೇ. ಮೇಲಕ್ಕೆ ಒತ್ತಿದಾಗ ಜಠರದ ಹುಳಿ ಅನ್ನನಾಳಕ್ಕೆ ಏರುತ್ತದೆ, ಎದೆಯುರಿ, ಹುಳಿತೇಗು ಶುರುವಾಗುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಉಸಿರು ಎಳೆದುಕೊಂಡಾಗ ಅದು ಕೆಳಗೆ ಇಳಿಯಬೇಕು, ಹೊಟ್ಟೆ ಮುಂದೆ ಬರಬೇಕು. ಪಟ್ಟಿ ಅದಕ್ಕೆ ಬಿಡುವುದಿಲ್ಲ. ಆಗ ಎದೆಯ ಮೇಲ್ಭಾಗದಲ್ಲಿ ಮಾತ್ರ ಚಿಕ್ಕ ಚಿಕ್ಕ ಉಸಿರು ನಡೆಯುತ್ತದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಕೆಲವರಿಗೆ ತಲೆಸುತ್ತು. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಂಗಸರು ಮಾತುಮಾತಿಗೆ ಮೂರ್ಛೆ ಹೋಗುತ್ತಿದ್ದುದಕ್ಕೆ ಪ್ರೇಮವೊಂದೇ ಕಾರಣವಲ್ಲ ಎಂಬ ಗುಮಾನಿ ನನಗಿದೆ. ಕೆಳಕ್ಕೆ ಒತ್ತಿದಾಗ ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುವುದು, ಗರ್ಭಕೋಶ ಜಾರಿದ ತೊಂದರೆ ಮೊದಲೇ ಇದ್ದರೆ ಅದು ಹೆಚ್ಚುವುದು.

ಇನ್ನೊಂದು ತೊಂದರೆ ಜನರಿಗೆ ಹೊಳೆಯುವುದೇ ಇಲ್ಲ. ಸೊಂಟದ ಮೂಳೆಯ ಮುಂದಿನ ತುದಿಯ ಹತ್ತಿರ ಒಂದು ನರ ತೊಡೆಗೆ ಇಳಿಯುತ್ತದೆ. ಪಟ್ಟಿಯ ಕೆಳ ಅಂಚು ಅದನ್ನು ಒತ್ತಿದರೆ ತೊಡೆಯ ಹೊರಭಾಗದಲ್ಲಿ ಉರಿ, ಜೋಮು, ಇರುವೆ ಹರಿದಂಥ ಅನುಭವ. ಬಿಗಿ ಜೀನ್ಸ್, ಬಿಗಿ ಬೆಲ್ಟು ಹಾಕುವವರಿಗೂ ಇದು ಬರುತ್ತದೆ. ಬೆನ್ನಿನ ಡಿಸ್ಕ್ ಜಾರಿತೇನೋ ಎಂದು ಹೆದರಿ ಬರುವವರಲ್ಲಿ ಕೆಲವರ ಕಾಯಿಲೆ ಸೊಂಟದ ಪಟ್ಟಿ ಸಡಿಲಿಸಿದರೆ ವಾಸಿಯಾಗುವಂಥದ್ದು.

ಸರಿ, ಇಷ್ಟು ಕೇಳಿದ ಮೇಲೂ ಬೇಕು ಎನ್ನುವವರಿಗೆ ಈಗ ಕೊಳ್ಳುವ ಮಾತು. ಅಂಗಡಿಯಲ್ಲಿ ಬೆಲ್ಟು ಎಂದರೆ ಎಲ್ಲವನ್ನೂ ಒಂದೇ ಕಪಾಟಿನಿಂದ ತೆಗೆದು ತೋರಿಸುತ್ತಾರೆ. ಬೆನ್ನುನೋವಿಗೆ ವೈದ್ಯರು ಬರೆದುಕೊಡುವ ಬೆಲ್ಟು ಬೇರೆ, ಭಾರ ಎತ್ತುವವರ ಚರ್ಮದ ಬೆಲ್ಟು ಬೇರೆ, ಆಪರೇಷನ್ ಆದವರ ಹೊಟ್ಟೆಪಟ್ಟಿ ಬೇರೆ, ಬೆವರಿನ ಬೆಲ್ಟು ಬೇರೆ. ಸೀರೆಯಡಿ ಮೈ ನಯವಾಗಿ ಕಾಣಲಿ ಎಂದಷ್ಟೇ ಇದ್ದರೆ ನಿಮಗೆ ವೇಸ್ಟ್ ಟ್ರೈನರ್ ಬೇಕಾಗಿಯೇ ಇಲ್ಲ. ಕಡ್ಡಿಯಿಲ್ಲದ, ಹಿಗ್ಗುವ ಬಟ್ಟೆಯ ಸೀರೆ ಶೇಪ್‌ವೇರ್ ಸಾಕು. ಲಾಡಿಯಿಲ್ಲದ್ದನ್ನು ಆರಿಸಿದರೆ ಒತ್ತಡ ಒಂದೇ ಗೆರೆಯಲ್ಲಿ ನಿಲ್ಲದೆ ಹರಡಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಇದೇ ಸರಿ.

ಅಳತೆ ತೆಗೆಯುವಾಗ ಬರಿಮೈಗೆ ಟೇಪು ಹಿಡಿಯಬೇಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಜಾಗ ಬೆರಳಿನಲ್ಲಿ ಹುಡುಕಿ. ನೆಟ್ಟಗೆ ನಿಂತು, ಸಹಜವಾಗಿ ಉಸಿರು ಬಿಟ್ಟು, ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿದೆಯೇ ನೋಡಿಕೊಂಡು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಅಲ್ಲಿ ಯಾರೂ ನೋಡುತ್ತಿಲ್ಲ. ಬ್ಲೌಸಿನ ಸೈಜು, ಜೀನ್ಸಿನ ಸೈಜು ಇಲ್ಲಿ ಕೆಲಸಕ್ಕೆ ಬಾರದು. ಪ್ರತಿ ತಯಾರಕರ ಪಟ್ಟಿಯೂ ಬೇರೆ, ಒಬ್ಬರ ಮೀಡಿಯಂ ಇನ್ನೊಬ್ಬರ ಸ್ಮಾಲ್. ನಿಮ್ಮ ಅಳತೆ ಎರಡು ಸೈಜುಗಳ ನಡುವೆ ಬಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಒಂದೆರಡು ಇಂಚಿಗಿಂತ ಹೆಚ್ಚು ಬಿಗಿಯುವ ಆಸೆ ತೋರಿಸುವ ಮಾರಾಟಗಾರರಿಗೆ ಅಲ್ಲೇ ಕೈ ಮುಗಿಯಿರಿ.

ಸುತ್ತಳತೆಯಷ್ಟೇ ಮುಖ್ಯವಾದದ್ದು ಉದ್ದ, ಅದನ್ನು ಎಲ್ಲರೂ ಮರೆಯುತ್ತಾರೆ. ಕುರ್ಚಿಯಲ್ಲಿ ಕೂತು ಎದೆಯ ಕೆಳಗಿನಿಂದ ತೊಡೆಯವರೆಗೆ ಅಳೆಯಿರಿ. ಪಟ್ಟಿ ಅದಕ್ಕಿಂತ ಗಿಡ್ಡವಿರಬೇಕು. ಉದ್ದವಾದರೆ ಕೂತಾಗ ಮೇಲಂಚು ಎದೆಗೆ ಚುಚ್ಚುತ್ತದೆ, ಕೆಳಅಂಚು ತೊಡೆಸಂದಿಗೆ ಇಳಿಯುತ್ತದೆ, ನಾನು ಹೇಳಿದ ಆ ನರ ಇರುವುದು ಅಲ್ಲೇ. ಕಡ್ಡಿಗಳು ಬಗ್ಗುವಂತಿರಲಿ, ತುದಿಗಳು ಬಟ್ಟೆಯೊಳಗೆ ಚೆನ್ನಾಗಿ ಮುಚ್ಚಿರಲಿ. ಅಗ್ಗದ ಪಟ್ಟಿಗಳಲ್ಲಿ ಕೆಲವು ಸಲ ಹಾಕುವಷ್ಟರಲ್ಲಿ ಕಡ್ಡಿ ಹೊಲಿಗೆ ಹರಿದುಕೊಂಡು ಪಕ್ಕೆಗೆ ಚುಚ್ಚುತ್ತದೆ. ಜಿಪ್ ಒಂದೇ ಇರುವುದಕ್ಕಿಂತ ಮೂರು ಸಾಲು ಹುಕ್ಕಿನದು ಒಳ್ಳೆಯದು, ಸಡಿಲಿಸಲು ಅವಕಾಶವಿರುತ್ತದೆ. ಮೈಗೆ ತಾಗುವ ಒಳಪದರ ಹತ್ತಿಯದಿರಲಿ.

ಲ್ಯಾಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಬಲೂನು ಊದಿದಾಗ ತುಟಿ ಊದಿಕೊಳ್ಳುವವರು, ರಬ್ಬರ್ ಗ್ಲೌಸ್ ಹಾಕಿದರೆ ಕೈ ಕೆರೆಯುವವರು ಅದನ್ನು ಮುಟ್ಟಬಾರದು. ಬಾಳೆಹಣ್ಣು, ಪರಂಗಿ, ಬೆಣ್ಣೆಹಣ್ಣು ತಿಂದರೆ ಬಾಯಿ ತುರಿಸುವವರಲ್ಲಿ ಕೆಲವರಿಗೆ ಲ್ಯಾಟೆಕ್ಸೂ ಆಗುವುದಿಲ್ಲ. ಅಂಥವರು ಲ್ಯಾಟೆಕ್ಸ್ ಇಲ್ಲ ಎಂದು ಬರೆದಿರುವುದನ್ನೇ ಹುಡುಕಲಿ.

ಹಾಕುವ ಕ್ರಮದ ಬಗ್ಗೆ ನಾನು ಉದ್ದ ಹೇಳುವುದಿಲ್ಲ. ಒಳಗೆ ತೆಳು ಹತ್ತಿ ಬನಿಯನ್ ಇರಲಿ. ಹೊರಗಿನ ಸಾಲಿನ ಹುಕ್ಕಿಗೆ, ಅಂದರೆ ಅತಿ ಸಡಿಲದ ಸಾಲಿಗೆ ಹಾಕಿ, ಕೆಳಗಿನಿಂದ ಮೇಲಕ್ಕೆ. ಹಾಕಿದ ಮೇಲೆ ಮೇಲೂ ಕೆಳಗೂ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಹೊಟ್ಟೆ ತುಂಬ ಒಂದು ಉಸಿರು ಎಳೆದುಕೊಳ್ಳಿ, ಕೂತು ಏಳಿ, ಒಂದು ಉದ್ದನೆಯ ವಾಕ್ಯವನ್ನು ನಡುವೆ ನಿಲ್ಲಿಸದೆ ಹೇಳಿ ನೋಡಿ. ಆಗದಿದ್ದರೆ ಅದು ನಿಮ್ಮ ಅಳತೆಯದಲ್ಲ. ಮೊದಲ ದಿನ ಮನೆಯಲ್ಲೇ ಒಂದು ಗಂಟೆಯ ಒಳಗೆ ಮುಗಿಸಿ. ಬಿಚ್ಚಿದ ಮೇಲೆ ಚರ್ಮ ನೋಡಿ. ತಿಳಿಗೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಸರಿ. ಹಾಗೇ ಉಳಿದರೆ, ಗುಳ್ಳೆ ಎದ್ದರೆ, ಚರ್ಮ ಕಿತ್ತರೆ ಪಟ್ಟಿ ಎತ್ತಿಡಿ. ಅಭ್ಯಾಸವಾದ ಮೇಲೂ ಒಂದು ಸಮಾರಂಭಕ್ಕೆ ಕೆಲವು ತಾಸು, ಅಷ್ಟೇ. ದಿನಕ್ಕೆ ಎಂಟು ಹತ್ತು ತಾಸು ಹಾಕಿ ಎಂಬ ಮಾರಾಟಗಾರರ ಸಲಹೆಗೆ ಯಾವ ವೈದ್ಯಕೀಯ ಆಧಾರವೂ ಇಲ್ಲ. ದಿನಾ ಗಂಟೆಗಟ್ಟಲೆ ಪಟ್ಟಿಯೇ ಆಸರೆಯಾದರೆ ಬೆನ್ನು ಹೊಟ್ಟೆಗಳ ಸ್ನಾಯುಗಳು ಸೋಮಾರಿಯಾಗುತ್ತವೆ. ಮಲಗುವಾಗ ಬೇಡ, ಊಟ ಮಾಡುವಾಗ ಬೇಡ, ನಡಿಗೆ, ಜಿಮ್ಮು, ಯೋಗಾಸನ ಮಾಡುವಾಗಂತೂ ಬೇಡ. ಒಗೆಯುವಾಗ ತಣ್ಣೀರಿನಲ್ಲಿ ಕೈಯಲ್ಲೇ ಒಗೆದು ನೆರಳಿಗೆ ಹರವಿ, ಬಿಸಿಲಿಗೆ ಲ್ಯಾಟೆಕ್ಸ್ ಬಿರಿಯುತ್ತದೆ.

ಮದುವೆಯ ದಿನದ ಮಾತು ಬೇರೆಯೇ ಹೇಳಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಹುಡುಗಿ, ಮುಹೂರ್ತದವರೆಗೆ ಉಪವಾಸ, ಮೈಮೇಲೆ ಕಂಚಿಯದೋ ಮೈಸೂರಿನದೋ ರೇಷ್ಮೆ, ಅದರ ಮೇಲೆ ಡಾಬು, ಎದುರಿಗೆ ಹೋಮದ ಹೊಗೆ. ಅದರಲ್ಲಿ ಹಸೆಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ತಾಸುಗಟ್ಟಲೆ ಕೂರಬೇಕು. ಈ ಪಟ್ಟಿಗಳನ್ನು ಹೊಲಿದವರು ನಿಂತ ಹೆಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಲಿದಿದ್ದಾರೆ, ನೆಲಕ್ಕೆ ಕೂರುವವಳನ್ನಲ್ಲ. ಕೂತೊಡನೆ ಪಟ್ಟಿ ಮೇಲಕ್ಕೆ ಸರಿದು ಪಕ್ಕೆಗೆ ಒತ್ತುತ್ತದೆ. ಧಾರೆಯ ಹೊತ್ತಿಗೆ ಕಣ್ಣು ಕತ್ತಲೆ ಬಂದರೆ ಎಲ್ಲರೂ ದೃಷ್ಟಿಯಾಯಿತು ಎನ್ನುತ್ತಾರೆ. ಮುಹೂರ್ತಕ್ಕೆ ಪಟ್ಟಿ ಬೇಡ, ಆರತಕ್ಷತೆಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ಬೇಕಿದ್ದರೆ ಹಾಕಿಕೊಳ್ಳಲಿ. ಊಟಕ್ಕೆ ಮುಂಚೆ ಬಿಚ್ಚಿಸುವ ಜವಾಬ್ದಾರಿಯನ್ನು ಅತ್ತಿಗೆಗೋ ಗೆಳತಿಗೋ ಮೊದಲೇ ಒಪ್ಪಿಸಿಡಿ.

ಯಾರು ದೂರವಿರಬೇಕು? ಬಸುರಿಯರು, ಹರ್ನಿಯಾ ಇರುವವರು, ಆಸ್ತಮಾ ಇರುವವರು, ಎದೆಯುರಿಯ ಕಾಯಿಲೆ ಇರುವವರು, ಮೂತ್ರ ಜಿನುಗುವ ಅಥವಾ ಗರ್ಭಕೋಶ ಜಾರಿದ ತೊಂದರೆಯವರು, ಸಕ್ಕರೆ ಕಾಯಿಲೆಯಿಂದ ಮೈಯ ಸ್ಪರ್ಶ ಮಂದವಾದವರು, ಸೊಂಟದ ಸುತ್ತ ಚರ್ಮದ ಕಾಯಿಲೆ ಇರುವವರು. ಹೊಟ್ಟೆಯ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಯಾವ ಪಟ್ಟಿಯನ್ನೂ ಹಾಕಬಾರದು. ಹಾಕಿಕೊಂಡಾಗ ತಲೆ ಸುತ್ತಿದರೆ, ಎದೆ ಹಿಡಿದರೆ, ಕಾಲು ಜೋಮು ಹಿಡಿದರೆ ಯಾರ ಮದುವೆಯಾದರೂ ಸರಿ, ಕೋಣೆಗೆ ಹೋಗಿ ಬಿಚ್ಚಿ. ಬಿಚ್ಚಿದ ಮೇಲೂ ಉಸಿರು ಸರಿಯಾಗದಿದ್ದರೆ, ಎದೆನೋವು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಾಯಂದಿರಲ್ಲಿ, ಅಕ್ಕಂದಿರಲ್ಲಿ ಒಂದು ಕೇಳಿಕೆ. ಮೊಬೈಲಿನಲ್ಲಿ ನೋಡಿ ಈ ಪಟ್ಟಿ ಬೇಕೆಂದು ಹಟ ಹಿಡಿಯುವವರಲ್ಲಿ ಎಂಟನೇ ತರಗತಿ, ಹತ್ತನೇ ತರಗತಿಯ ಹುಡುಗಿಯರೂ ಇದ್ದಾರೆ. ಅವರ ಪಕ್ಕೆಲುಬು, ಬೆನ್ನುಮೂಳೆ ಇನ್ನೂ ಬೆಳೆಯುತ್ತಿರುತ್ತವೆ. ಎಷ್ಟೇ ಸಡಿಲವಾಗಿದ್ದರೂ, ಯಾವ ಕಂಪನಿಯದಾದರೂ, ಒಂದು ಹಬ್ಬದ ಮಟ್ಟಿಗಾದರೂ ಅವರಿಗೆ ಅದನ್ನು ಕೊಡಿಸಬೇಡಿ. ನಿನ್ನ ಹೊಟ್ಟೆ ಮುಂದೆ ಬಂದಿದೆ ಎಂದು ನೆಂಟರ ಮುಂದೆ ಆಡಿ ತೋರಿಸುವುದನ್ನೂ ದಯವಿಟ್ಟು ನಿಲ್ಲಿಸಿ.